ಬೀಗದ ಕೈ ಕೊಟ್ಟ ಮೇಲೆ

1932ರ ಜುಲೈ 28. ಅಮೆರಿಕದ ರಾಜಧಾನಿ ವಾಷಿಂಗ್ಟನ್ ಬೀದಿಗೆ ಅಮೆರಿಕದ ಸೈನ್ಯವೇ ಇಳಿದಿತ್ತು. ಕುದುರೆ ಪಡೆ, ಬಂದೂಕಿಗೆ ಬಯೊನೆಟ್ ಸಿಕ್ಕಿಸಿಕೊಂಡ ಕಾಲಾಳುಗಳು, ಹಿಂದೆ ಟ್ಯಾಂಕುಗಳು. ನಡೆಸುತ್ತಿದ್ದವರು ಜನರಲ್ ಡಗ್ಲಸ್ ಮ್ಯಾಕಾರ್ಥರ್. ಎದುರಿಗೆ ಇದ್ದವರು ಯಾರು ಗೊತ್ತಾ? ಮೊದಲನೇ ಮಹಾಯುದ್ಧದಲ್ಲಿ ಇದೇ ಸೈನ್ಯದ ಸಮವಸ್ತ್ರ ತೊಟ್ಟು ಫ್ರಾನ್ಸಿನವರೆಗೂ ಹೋಗಿ ಹೋರಾಡಿ ಬಂದವರು. ಜೊತೆಗೆ ಅವರ ಹೆಂಡತಿ ಮಕ್ಕಳು.

ಅವರು ಭಿಕ್ಷೆ ಕೇಳೋಕೆ ಬಂದಿರಲಿಲ್ಲ. ಬೋನಸ್ ಕೊಡ್ತೀವಿ ಅಂತ 1924ರಲ್ಲಿ ಸರ್ಕಾರವೇ ಕಾನೂನು ಮಾಡಿ ಕೈಗೆ ಪತ್ರ ಕೊಟ್ಟಿತ್ತು. ಆದರೆ ಹಣ ಸಿಗೋದು 1945ಕ್ಕೆ! ಮಧ್ಯೆ ಮಹಾಕುಸಿತ ಬಂತು, ಕೆಲಸ ಹೋಯ್ತು, ಮನೆ ಹೋಯ್ತು. ಆ ಹಣ ಈಗಲೇ ಕೊಡಿ ಅಂತ ಸಾವಿರಾರು ಜನ ರಾಜಧಾನಿಗೆ ಬಂದು, ಅನಕೋಸ್ಟಿಯಾ ನದಿ ದಂಡೆಯ ಕೆಸರು ಬಯಲಿನಲ್ಲಿ ತಗಡು, ರಟ್ಟು, ಹಳೇ ಹಲಗೆ ಜೋಡಿಸಿ ಗುಡಿಸಲು ಹಾಕಿಕೊಂಡರು. ಆ ದಿನ ಪೊಲೀಸರ ಗುಂಡು ತಗುಲಿ ಇಬ್ಬರು ಮಾಜಿ ಸೈನಿಕರು ಪ್ರಾಣ ಕಳೆದುಕೊಂಡರು. ಆಮೇಲೆ ಸೈನ್ಯ ಬಂತು, ಅಶ್ರುವಾಯು ಬಂತು, ರಾತ್ರಿ ಹೊತ್ತಿಗೆ ಗುಡಿಸಲುಗಳು ಹೊತ್ತಿ ಉರಿಯುತ್ತಿದ್ದವು.

ವೀಕ್ಷಕರೇ, ಮನೆಯಿಲ್ಲದ ಸೈನಿಕ ಅನ್ನೋ ಚಿತ್ರ ಅಮೆರಿಕಕ್ಕೆ ಹೊಸದಲ್ಲ ಅಂತ ಹೇಳೋಕೆ ಇಷ್ಟು ಸಾಕು. ನಾನು ಹೇಳಬೇಕು ಅಂದುಕೊಂಡಿರೋದು ಅದರ ಪಕ್ಕದಲ್ಲೇ ಸದ್ದಿಲ್ಲದೆ ಬೆಳೆದ ಇನ್ನೊಂದು ಕಥೆ. ಯುದ್ಧ ಮುಗಿಸಿ ಬಂದವನಿಗೆ ದುಡ್ಡು ಕೊಟ್ಟರೆ ಮುಗೀತಾ? ಸೂರು ಕೊಟ್ಟರೆ ಮುಗೀತಾ? ಅವನ ದಿನ ಮತ್ತೆ ದಿನದ ಹಾಗೆ ನಡೆಯೋಕೆ ಏನು ಬೇಕು ಅಂತ ನೂರು ವರ್ಷದ ಹಿಂದೆಯೇ ಕೇಳಿದ ಒಂದು ವೃತ್ತಿ ಇದೆ. ಆಕ್ಯುಪೇಷನಲ್ ಥೆರಪಿ ಅಂತಾರೆ.

ಹೆಸರು ಕೇಳಿ ಇದು ಉದ್ಯೋಗ ಕೊಡಿಸೋ ಯೋಜನೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಹಾಗೆ ಅಂದುಕೊಳ್ಳೋರೇ ಜಾಸ್ತಿ. ಇನ್ನು ಕೆಲವರು ಫಿಸಿಯೋಥೆರಪಿ ತರಾನಾ ಅಂತ ಕೇಳ್ತಾರೆ. ಮುರಿದ ಕಾಲಿಗೆ ಬಲ ಬರಿಸೋದು ಫಿಸಿಯೋಥೆರಪಿ. ಆ ಕಾಲನ್ನೇ ಇಟ್ಟುಕೊಂಡು ಬಚ್ಚಲಿಗೆ ಹೋಗಿ ಸ್ನಾನ ಮಾಡಿ, ಅಂಗಡಿಗೆ ಹೋಗಿ ಸಾಮಾನು ತಂದು, ಒಲೆ ಹಚ್ಚಿ ಬೇಯಿಸಿಕೊಂಡು ಉಣ್ಣೋ ಹಾಗೆ ಮಾಡೋದು ಇವರ ಕೆಲಸ. ಬೆಳಿಗ್ಗೆ ಏಳೋದರಿಂದ ರಾತ್ರಿ ಮಲಗೋವರೆಗೆ ಮನುಷ್ಯನ ದಿನವನ್ನು ತುಂಬೋ ಸಣ್ಣಪುಟ್ಟ ಕೆಲಸಗಳಿವೆಯಲ್ಲ, ಅದಕ್ಕೇ ಇಲ್ಲಿ ಆಕ್ಯುಪೇಷನ್ ಅನ್ನೋದು.

ಇದು ಹುಟ್ಟಿದ ಜಾಗ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಅನ್ನೋ ಸಣ್ಣ ಊರು. ಅಲ್ಲಿ ಜಾರ್ಜ್ ಬಾರ್ಟನ್ ಅಂತ ಒಬ್ಬರು ಆರ್ಕಿಟೆಕ್ಟ್ ಇದ್ದರು. ಕ್ಷಯ ಬಂದಿತ್ತು, ಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ಎಡಭಾಗಕ್ಕೆ ಲಕ್ವ ಹೊಡೆದಿತ್ತು. ಔಷಧಿ ಕುಡಿದು ಮಂಚದ ಮೇಲೆ ಬಿದ್ದಿರೋ ಬದಲು ತೋಟದ ಕೆಲಸ, ಮರಗೆಲಸ ಮಾಡ್ತಾ ಮಾಡ್ತಾ ಚೇತರಿಸಿಕೊಂಡರು. ತಮ್ಮ ಮನೆಗೆ ಕನ್ಸೊಲೇಷನ್ ಹೌಸ್ ಅಂತ ಹೆಸರಿಟ್ಟು ಬೇರೆಯವರಿಗೂ ಅದನ್ನೇ ಕಲಿಸಿದರು. 1917ರ ಮಾರ್ಚ್‌ನಲ್ಲಿ ಅದೇ ಮನೆಯಲ್ಲಿ ಬೆರಳೆಣಿಕೆಯಷ್ಟು ಜನ ಸೇರಿ ಸಂಘ ಕಟ್ಟಿದರು. ಮನೋವೈದ್ಯ ವಿಲಿಯಂ ಡಂಟನ್ ಇದ್ದರು. ಎಲಿನಾರ್ ಕ್ಲಾರ್ಕ್ ಸ್ಲೇಗಲ್ ಅನ್ನೋ ಹೆಣ್ಣುಮಗಳಿದ್ದರು. ಸ್ಲೇಗಲ್ ಹೆಸರು ನೆನಪಿಟ್ಟುಕೊಳ್ಳಿ. ಮಾನಸಿಕ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಮೂಲೆ ಹಿಡಿದು ಕೂತಿದ್ದವರಿಗೆ ಏಳೋದು, ಮುಖ ತೊಳೆಯೋದು, ಬಟ್ಟೆ ಹಾಕಿಕೊಳ್ಳೋದು, ಕೆಲಸ, ಆಟ, ನಿದ್ದೆ ಎಲ್ಲಕ್ಕೂ ಒಂದು ಕ್ರಮ ಕಟ್ಟಿಕೊಟ್ಟವರು ಅವರು. ಹ್ಯಾಬಿಟ್ ಟ್ರೈನಿಂಗ್ ಅಂತ ಅದರ ಹೆಸರು. ಅಭ್ಯಾಸ ತಪ್ಪಿದವನಿಗೆ ಅಭ್ಯಾಸ ಮತ್ತೆ ಹಿಡಿಸೋದು.

ಸಂಘ ಹುಟ್ಟಿ ಮೂರು ವಾರ ಆಗಿತ್ತು ಅಷ್ಟೇ. ಏಪ್ರಿಲ್ 6ಕ್ಕೆ ಅಮೆರಿಕ ಯುದ್ಧ ಘೋಷಿಸಿತು. ಮರುವರ್ಷವೇ ಈ ತರಬೇತಿ ಪಡೆದ ಹೆಣ್ಣುಮಕ್ಕಳು ಹಡಗು ಹತ್ತಿ ಫ್ರಾನ್ಸಿಗೆ ಹೋದರು. ರಿಕನ್‌ಸ್ಟ್ರಕ್ಷನ್ ಏಡ್ಸ್ ಅಂತ ಕರೆದರು ಅವರನ್ನ. ಸೈನ್ಯದಲ್ಲಿ ಅವರಿಗೆ ಯಾವ ದರ್ಜೆಯೂ ಇರಲಿಲ್ಲ. ಲಾ ಫೋಶ್ ಅನ್ನೋ ಊರಿನ ಬೇಸ್ ಹಾಸ್ಪಿಟಲ್ 117ರಲ್ಲಿ ಶೆಲ್ ಶಾಕ್ ಆದವರು ತುಂಬಿದ್ದರು. ಮೈಮೇಲೆ ಗಾಯವಿಲ್ಲ, ಆದರೆ ಕೈ ನಡುಗುತ್ತೆ, ಮಾತು ನಿಂತಿದೆ, ಬಾಗಿಲು ಬಡಿದ ಸದ್ದಿಗೆ ಮಂಚದ ಕೆಳಗೆ ಸೇರಿಕೊಳ್ತಾರೆ. ಆ ಕೈಗಳಿಗೆ ಮರದ ತುಂಡು, ಉಳಿ, ನೂಲು ಕೊಟ್ಟರು ಈ ಹೆಣ್ಣುಮಕ್ಕಳು. ಬುಟ್ಟಿ ಹೆಣೆಸೋದರಿಂದ ಯುದ್ಧದ ಗಾಯ ವಾಸಿಯಾಗುತ್ತಾ ಅಂತ ನಗೋರು ಆಗಲೂ ಇದ್ದರು. ಈಗಲೂ ಇದ್ದಾರೆ ಬಿಡಿ.

ಇಲ್ಲೊಂದು ಮಾತು ಸೇರಿಸಿಬಿಡ್ತೀನಿ. ಅದೇ 1917ರಲ್ಲಿ, ಗಾಯಗೊಂಡು ಮರಳಿದ ಭಾರತೀಯ ಸಿಪಾಯಿಗಳಿಗೆ ಕಸುಬು ಕಲಿಸೋಕೆ ಬಾಂಬೆಯಲ್ಲಿ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಶುರುವಾಯ್ತು. ಈಗ ಅದು ಪುಣೆ ಪಕ್ಕದ ಖಡಕಿಯಲ್ಲಿದೆ. ಇನ್ನು ಆಕ್ಯುಪೇಷನಲ್ ಥೆರಪಿಯನ್ನು ಒಂದು ಕೋರ್ಸ್ ಮಾಡಿ ನಮ್ಮ ದೇಶಕ್ಕೆ ತಂದವರು ಅಮೆರಿಕದಲ್ಲಿ ಹುಟ್ಟಿ ಈ ದೇಶಕ್ಕೆ ಸೊಸೆಯಾಗಿ ಬಂದ ಕಮಲಾ ನಿಂಬಕರ್. 1950ರಲ್ಲಿ ಬಾಂಬೆಯ ಕೆಇಎಂ ಆಸ್ಪತ್ರೆಯಲ್ಲಿ ಶಾಲೆ ತೆರೆದರು.

ಅಮೆರಿಕಕ್ಕೆ ವಾಪಸ್ ಬರೋಣ. ಬೋನಸ್ ಸೈನ್ಯದ ಗುಡಿಸಲು ಸುಟ್ಟ ಅವಮಾನ ಅಲ್ಲಿನ ರಾಜಕಾರಣಿಗಳಿಗೆ ಒಂದು ಪಾಠ ಕಲಿಸಿತು. ಎರಡನೇ ಮಹಾಯುದ್ಧ ಮುಗಿಯೋ ಮುಂಚೆಯೇ, 1944ರಲ್ಲಿ ಜಿಐ ಬಿಲ್ ಬಂತು. ಓದೋಕೆ ದುಡ್ಡು, ಮನೆ ಕಟ್ಟೋಕೆ ಸಾಲಕ್ಕೆ ಸರ್ಕಾರದ ಖಾತ್ರಿ. ಲಕ್ಷಾಂತರ ಕುಟುಂಬ ಮೇಲೆ ಬಂದವು. ಕಪ್ಪು ಸೈನಿಕನಿಗೆ ಮಾತ್ರ ಕಾನೂನು ಇದ್ದರೂ ಬ್ಯಾಂಕಿನ ಬಾಗಿಲು ತೆರೆಯಲಿಲ್ಲ, ಅದು ಬೇರೆಯದೇ ದೊಡ್ಡ ಕಥೆ. ಇತ್ತ ಆಕ್ಯುಪೇಷನಲ್ ಥೆರಪಿ ಆಸ್ಪತ್ರೆಯ ಗೋಡೆಯೊಳಗೆ ಸೇರಿಕೊಂಡಿತು. ಡಾಕ್ಟರು ಬರೆದುಕೊಟ್ಟ ಚೀಟಿ, ಇಷ್ಟು ದಿನದ ಚಿಕಿತ್ಸೆ, ಡಿಸ್ಚಾರ್ಜ್. ಆಸ್ಪತ್ರೆಯ ಗೇಟು ದಾಟಿದ ಮೇಲೆ ಆ ಮನುಷ್ಯ ಎಲ್ಲಿಗೆ ಹೋದ? ಕೇಳೋರಿಲ್ಲ.

ಇದರ ಬೆಲೆ ತೆತ್ತವರು ವಿಯೆಟ್ನಾಂನಿಂದ ಬಂದವರು. ಒಂದು ವಿಚಿತ್ರ ಗಮನಿಸಿ. ಅವರ ಪಾಡು ದೇಶದ ಕಣ್ಣಿಗೆ ಬಿದ್ದದ್ದು ಯುದ್ಧ ಮುಗಿದ ಕೂಡಲೇ ಅಲ್ಲ, 80ರ ದಶಕದಲ್ಲಿ. ಅಷ್ಟು ಹೊತ್ತಿಗೆ ದೊಡ್ಡ ದೊಡ್ಡ ಮಾನಸಿಕ ಆಸ್ಪತ್ರೆಗಳು ಖಾಲಿಯಾಗಿದ್ದವು, ಅದಕ್ಕೆ ಬದಲಾಗಿ ಊರಲ್ಲೇ ಕೊಡ್ತೀವಿ ಅಂದಿದ್ದ ಸೇವೆ ಸಾಕಷ್ಟು ಬರಲಿಲ್ಲ. ಒಂಟಿ ಗಂಡಸರು ಕಡಿಮೆ ಬಾಡಿಗೆಗೆ ಇರುತ್ತಿದ್ದ ಹಳೇ ಲಾಡ್ಜುಗಳನ್ನು ಕೆಡವಿ ನಗರಗಳು ಚಂದ ಆಗುತ್ತಿದ್ದವು. ಯುದ್ಧದ ನೆನಪು ಮಾಡೋ ಕಾಯಿಲೆಗೆ ಪಿಟಿಎಸ್‌ಡಿ ಅಂತ ಅಧಿಕೃತ ಹೆಸರು ಸಿಕ್ಕಿದ್ದೇ 1980ರಲ್ಲಿ.

1988ರಲ್ಲಿ ಸ್ಯಾನ್ ಡಿಯಾಗೋದಲ್ಲಿ ವಿಯೆಟ್ನಾಂ ಯೋಧರೇ ಸೇರಿ ಒಂದು ಕೆಲಸ ಮಾಡಿದರು. ಮೂರು ದಿನ ಮೈದಾನದಲ್ಲಿ ಸೈನ್ಯದ ಟೆಂಟು ಹಾಕಿ, ಬೀದಿಯಲ್ಲಿದ್ದ ತಮ್ಮವರನ್ನು ಕರೆದರು. ಸ್ಟ್ಯಾಂಡ್ ಡೌನ್ ಅಂತ ಹೆಸರಿಟ್ಟರು. ಯುದ್ಧಭೂಮಿಯಿಂದ ತುಕಡಿಯನ್ನು ಹಿಂದಕ್ಕೆ ಕರೆಸಿ ಸ್ನಾನ, ಊಟ, ನಿದ್ದೆಗೆ ಬಿಡೋದಕ್ಕೆ ಸೈನ್ಯದಲ್ಲಿ ಹೇಳೋ ಮಾತದು. ಬಿಸಿನೀರು, ಕ್ಷೌರ, ಹಲ್ಲಿನ ಡಾಕ್ಟರು. ಮರುವರ್ಷ ನ್ಯಾಯಾಧೀಶರೂ ಬಂದು ಅಲ್ಲೇ ಸಣ್ಣಪುಟ್ಟ ಕೇಸು ಇತ್ಯರ್ಥ ಮಾಡಿದರು. ಇದು ಎಷ್ಟು ಒಳ್ಳೇದಾಗಿತ್ತು ಅಂದರೆ ದೇಶವಿಡೀ ಹಬ್ಬಿತು. ಆದರೆ ನಾಲ್ಕನೇ ದಿನ ಟೆಂಟು ಬಿಚ್ಚಲೇಬೇಕಲ್ಲ?

ಆಗಿನ ವ್ಯವಸ್ಥೆ ಹೇಗಿತ್ತು ಅಂದರೆ, ಮನೆ ಅನ್ನೋದು ಮೆಟ್ಟಿಲಿನ ಕೊನೆಗೆ ಇಟ್ಟ ಬಹುಮಾನ. ಮೊದಲು ಕುಡಿತ ಬಿಡು. ಮಾತ್ರೆ ತಗೋ. ಶೆಲ್ಟರಿನಲ್ಲಿ ಶಿಸ್ತಾಗಿ ಇರು. ಮನೆ ನಡೆಸೋಕೆ ಲಾಯಕ್ಕು ಅಂತ ತೋರಿಸು, ಆಮೇಲೆ ನೋಡೋಣ. 1992ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಈ ಮೆಟ್ಟಿಲನ್ನೇ ತಿರುಗಿಸಿದರು. ಮೊದಲು ಮನೆ, ಷರತ್ತಿಲ್ಲ. ಉಳಿದದ್ದು ಮನೆಯೊಳಗೆ ಕೂತು ಮಾತಾಡೋಣ. ಜನ ನಕ್ಕರು. ಆದರೆ ಆ ಮನೆಗಳಿಗೆ ಹೋದವರಲ್ಲಿ ಹೆಚ್ಚಿನವರು ವರ್ಷಗಳ ನಂತರವೂ ಅಲ್ಲೇ ಇದ್ದರು. ಅದೇ 1992ರಲ್ಲಿ ಮಾಜಿ ಸೈನಿಕರಿಗೆ ಬಾಡಿಗೆ ವೋಚರ್ ಕೊಡೋ ಹಡ್-ವಾಶ್ ಯೋಜನೆಯೂ ಹುಟ್ಟಿತು. ವಸತಿ ಇಲಾಖೆಯಿಂದ ಬಾಡಿಗೆಗೆ ನೆರವು, ಮಾಜಿ ಸೈನಿಕರ ಇಲಾಖೆಯಿಂದ ಕೇಸ್ ಮ್ಯಾನೇಜರ್. ಬಾಡಿಗೆದಾರ ತನ್ನ ಆದಾಯದ ಸುಮಾರು ಶೇ. 30ರಷ್ಟು ಕಟ್ಟಿದರೆ ಸಾಕು. 2008ರಿಂದ ಇದಕ್ಕೆ ನಿಜವಾದ ದುಡ್ಡು ಬಂತು. 2009ರಲ್ಲಿ ಆ ಇಲಾಖೆಯ ಮುಖ್ಯಸ್ಥರಾಗಿದ್ದ ಎರಿಕ್ ಶಿನ್ಸೆಕಿ, ವಿಯೆಟ್ನಾಂನಲ್ಲಿ ನೆಲಬಾಂಬಿಗೆ ಅರ್ಧ ಪಾದ ಕಳೆದುಕೊಂಡವರು, ಐದು ವರ್ಷದಲ್ಲಿ ಒಬ್ಬ ಮಾಜಿ ಸೈನಿಕನೂ ಬೀದಿಯಲ್ಲಿ ಇರಬಾರದು ಅಂತ ಗಡುವು ಹಾಕಿದರು.

ಈಗ ಪ್ರಶ್ನೆ. ಲಾಯಕ್ಕು ನೋಡದೆ ಮನೆ ಕೊಡೋದೇ ಸರಿ ಅಂದ ಮೇಲೆ, ಲಾಯಕ್ಕು ಅಳೆಯೋ ಆಕ್ಯುಪೇಷನಲ್ ಥೆರಪಿಸ್ಟಿಗೆ ಏನು ಕೆಲಸ? ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಗೇಟಿನಲ್ಲಿ ನಿಂತು ಪರೀಕ್ಷೆ ಮಾಡಿದರೆ ಇವರೂ ಇನ್ನೊಬ್ಬ ಗುಮಾಸ್ತ. ಅದೇ ಪರೀಕ್ಷೆಯನ್ನು ಅಡುಗೆಮನೆಯೊಳಗೆ ಮಾಡಿದರೆ ಇವರಿಲ್ಲದೆ ಮನೆ ಉಳಿಯೋದು ಕಷ್ಟ.

ಹೇಗೆ ಅಂತೀರಾ? ಇವರು ಬಳಸೋ ಒಂದು ಪರೀಕ್ಷೆ ಇದೆ, ಎಕ್ಸಿಕ್ಯೂಟಿವ್ ಫಂಕ್ಷನ್ ಪರ್ಫಾರ್ಮೆನ್ಸ್ ಟೆಸ್ಟ್. ಹೆಸರು ದೊಡ್ಡದು, ವಿಷಯ ನಾಲ್ಕೇ. ಓಟ್ಸ್ ಗಂಜಿ ಕಾಯಿಸಬೇಕು. ಒಂದು ಫೋನ್ ಮಾಡಬೇಕು. ಮಾತ್ರೆ ಸರಿಯಾಗಿ ತಗೋಬೇಕು. ಒಂದು ಬಿಲ್ ಕಟ್ಟಬೇಕು. ಥೆರಪಿಸ್ಟ್ ಪಕ್ಕದಲ್ಲಿ ನಿಂತು ನೋಡ್ತಾರೆ. ಇಲ್ಲಿ ಪಾಸು ಫೇಲಿನ ಮಾತಿಲ್ಲ. ಎಲ್ಲಿ ತಡವರಿಸಿದ, ಎಷ್ಟು ಸಹಾಯ ಬೇಕಾಯ್ತು ಅನ್ನೋದೇ ಅಂಕ. ಒಂದು ಮಾತು ನೆನಪಿಸಿದರೆ ಸಾಕಾಯ್ತಾ, ಕೈ ತೋರಿಸಬೇಕಾಯ್ತಾ, ಕೈ ಹಿಡಿದೇ ಮಾಡಿಸಬೇಕಾಯ್ತಾ?

ಇರಾಕ್, ಅಫ್ಘಾನಿಸ್ತಾನದಲ್ಲಿ ರಸ್ತೆಬದಿ ಬಾಂಬಿನ ಹೊಡೆತಕ್ಕೆ ಮಿದುಳು ಅಲುಗಾಡಿದವರು ಎಷ್ಟೋ ಜನ. ಹೊರಗಿಂದ ನೋಡೋಕೆ ಗಟ್ಟಿಮುಟ್ಟು. ಬಂದೂಕು ಬಿಚ್ಚಿ ಜೋಡಿಸಬಲ್ಲ. ಆದರೆ ಒಲೆ ಮೇಲೆ ಪಾತ್ರೆ ಇಟ್ಟು ಫೋನ್ ರಿಂಗಾದರೆ ಒಲೆ ಮರೆತುಹೋಗುತ್ತೆ. ಹೊಗೆ ಬಂತು, ಅಲಾರಂ ಹೊಡೀತು, ಪಕ್ಕದ ಮನೆಯವರು ದೂರು ಕೊಟ್ಟರು, ಮಾಲೀಕ ನೋಟಿಸ್ ಕಳಿಸಿದ. ಬೀದಿಗೆ ವಾಪಸ್ ಬರೋ ದಾರಿ ಶುರುವಾಗೋದು ಹೀಗೇ. ಇದಕ್ಕೆ ಥೆರಪಿಸ್ಟ್ ಮಾಡೋದು ದೊಡ್ಡ ಪವಾಡವಲ್ಲ. ತಾನೇ ಆಫ್ ಆಗೋ ಒಲೆ ಹಾಕಿಸ್ತಾರೆ, ಬಾಡಿಗೆ ತಾರೀಖನ್ನು ಬಾಗಿಲ ಹಿಂದೆ ಬರೆಸ್ತಾರೆ, ವಾರದ ಮಾತ್ರೆ ಡಬ್ಬಿ ತುಂಬಿಸ್ತಾರೆ, ಜನಜಂಗುಳಿ ಕಂಡರೆ ಎದೆ ಹೊಡೆದುಕೊಳ್ಳೋ ಮನುಷ್ಯನ ಜೊತೆ ಅಂಗಡಿ ಖಾಲಿ ಇರೋ ಹೊತ್ತಿಗೆ ಸಾಮಾನು ತರೋಕೆ ತಾವೂ ಹೋಗ್ತಾರೆ. ವರ್ಷಗಟ್ಟಲೆ ಹೊರಗೆ ಮಲಗಿದವರಿಗೆ ಮಂಚದ ಮೇಲೆ ನಿದ್ದೆ ಬರೋದೂ ಕಷ್ಟ, ನೆಲದ ಮೇಲೇ ಮಲಗ್ತಾರೆ. ದಿನವಿಡೀ ನಾಲ್ಕು ಗೋಡೆ ನೋಡ್ತಾ ಕೂತರೆ ಹಳೇ ಗೆಳೆಯರಿರೋ ಬೀದಿಯೇ ವಾಸಿ ಅನ್ನಿಸುತ್ತೆ. ಸ್ಲೇಗಲ್ ನೂರು ವರ್ಷದ ಹಿಂದೆ ಕಟ್ಟಿಕೊಟ್ಟ ದಿನದ ಕ್ರಮ ಇಲ್ಲಿ ಮತ್ತೆ ಬೇಕಾಗುತ್ತೆ.

ಫಲ ಸಿಕ್ಕಿದೆಯಾ? ಅಂಕಿ ನೋಡಿ. ಜನವರಿಯ ಒಂದು ರಾತ್ರಿ ದೇಶವಿಡೀ ಎಣಿಕೆ ಮಾಡ್ತಾರೆ. 2010ರಲ್ಲಿ ಮನೆಯಿಲ್ಲದ ಮಾಜಿ ಸೈನಿಕರು ಸುಮಾರು 74 ಸಾವಿರ. 2024ರಲ್ಲಿ 32,882. ಅದೇ 2024ರಲ್ಲಿ ಅಮೆರಿಕದ ಒಟ್ಟು ಮನೆಯಿಲ್ಲದವರ ಸಂಖ್ಯೆ 7 ಲಕ್ಷ 71 ಸಾವಿರ ದಾಟಿ ದಾಖಲೆ ಬರೆಯಿತು. ಊರೆಲ್ಲಾ ಏರುತ್ತಿರುವಾಗ ಇವರೊಬ್ಬರದು ಇಳಿದಿದೆ. ವೋಚರ್, ಮೊದಲು ಮನೆ ಅನ್ನೋ ನೀತಿ, ಮನೆಗೆ ಹೋಗಿ ನಿಲ್ಲುವ ಜನ, ಮೂರೂ ಕೂಡಿ ಆದ ಕೆಲಸ ಇದು. ಶಿನ್ಸೆಕಿ ಗಡುವು ಮಾತ್ರ ಯಾವತ್ತೋ ದಾಟಿಹೋಯ್ತು.

ದಾಟಿದ್ದು ಯಾಕೆ ಅಂತ ತಿಳಿಯೋಕೆ ಲಾಸ್ ಏಂಜಲೀಸ್ ಒಂದು ಸಾಕು. ನಗರದ ಪಶ್ಚಿಮಕ್ಕೆ, ಚಿನ್ನದ ಬೆಲೆಯ ಬಡಾವಣೆಗಳ ನಡುವೆ, ಸುಮಾರು 388 ಎಕರೆ ಜಾಗ ಇದೆ. 1888ರಲ್ಲಿ ಸೆನೆಟರ್ ಜಾನ್ ಜೋನ್ಸ್ ಮತ್ತು ಅರ್ಕಾಡಿಯಾ ಬಂದೀನಿ ಅನ್ನೋ ಶ್ರೀಮಂತ ಮಹಿಳೆ, ಅಂಗವಿಕಲ ಸೈನಿಕರಿಗೆ ಮನೆಯಾಗಲಿ ಅಂತ ದಾನ ಕೊಟ್ಟ ಜಮೀನಿನ ಪಾಲು ಅದು. ಅಂತರ್ಯುದ್ಧದ ಸೈನಿಕರು ಅಲ್ಲಿ ಒಂದು ಊರೇ ಕಟ್ಟಿಕೊಂಡು ಬದುಕಿದರು. ಪೋಸ್ಟ್ ಆಫೀಸಿತ್ತು, ಚರ್ಚಿತ್ತು, ಹೊಲ ತೋಟ ಇತ್ತು. ಆಮೇಲೆ ನಿಧಾನವಾಗಿ ವಾಸದ ಮನೆಗಳು ಖಾಲಿಯಾದವು, ಜಾಗ ಬಾಡಿಗೆಗೆ ಹೋಯ್ತು. ವಿಶ್ವವಿದ್ಯಾಲಯವೊಂದರ ಬೇಸ್‌ಬಾಲ್ ಮೈದಾನ ಬಂತು, ಖಾಸಗಿ ಶಾಲೆಯ ಆಟದ ಬಯಲು ಬಂತು, ಎಣ್ಣೆ ಬಾವಿ ಬಂತು. ಸೈನಿಕರು ಬೇಲಿಯ ಆಚೆ. 2020-21ರಲ್ಲಿ ಆ ಬೇಲಿಗೆ ಒರಗಿಸಿ, ಫುಟ್‌ಪಾತ್ ಮೇಲೆ ಸಾಲಾಗಿ ಟೆಂಟು, ಟೆಂಟಿಗೊಂದು ರಾಷ್ಟ್ರಧ್ವಜ. ವೆಟರನ್ಸ್ ರೋ ಅಂತಲೇ ಹೆಸರು ಬಂತು. ಅನಕೋಸ್ಟಿಯಾದ ಗುಡಿಸಲು ಕಣ್ಮುಂದೆ ಬಂತಾ ನಿಮಗೆ?

2011ರಲ್ಲಿ ಕೇಸು ಬಿತ್ತು. 2015ರಲ್ಲಿ ರಾಜಿಯಾಗಿ 1,200 ಮನೆಗಳ ಯೋಜನೆ ಬಂತು, ಅದು ತೆವಳಿತು. ಇನ್ನೊಂದು ಕಡೆ, ಅದೇ ಊರಿನಲ್ಲಿ ವೋಚರುಗಳು ಬಳಕೆಯಾಗದೆ ಉಳಿಯುತ್ತಿದ್ದವು, ಒಂದು ಕಾರಣ ಕೇಸ್ ಮ್ಯಾನೇಜರ್‌ಗಳ ಕೊರತೆ. ಚೀಟಿ ಇದೆ, ಚೀಟಿ ಹಿಡಿದವನ ಜೊತೆ ನಡೆಯೋಕೆ ಜನ ಇಲ್ಲ. ಇದಕ್ಕಿಂತ ಹೊಟ್ಟೆ ಉರಿಸೋದು ಇನ್ನೊಂದು. ಯುದ್ಧದ ಗಾಯಕ್ಕೆ ಕೊಡೋ ಪರಿಹಾರವನ್ನು ಆದಾಯ ಅಂತ ಲೆಕ್ಕ ಹಿಡಿದಿದ್ದರು. ಹೆಚ್ಚು ಗಾಯ ಆದವನಿಗೆ ಹೆಚ್ಚು ಪರಿಹಾರ. ಪರಿಹಾರ ಹೆಚ್ಚಾದರೆ ಬಡವರ ಮನೆಗೆ ಅವನು ಅನರ್ಹ! ಕೈಕಾಲು ಕಳೆದುಕೊಂಡವನು ಆ ಮನೆಗೆ ತೀರಾ ಶ್ರೀಮಂತ ಆಗಿಬಿಟ್ಟ. ಹೊಸ ಕೇಸಿನಲ್ಲಿ ನ್ಯಾಯಾಧೀಶ ಡೇವಿಡ್ ಕಾರ್ಟರ್, ತಾವೂ ವಿಯೆಟ್ನಾಂನಲ್ಲಿ ಹೋರಾಡಿ ಬಂದವರು, 2024ರಲ್ಲಿ ಇದನ್ನು ಭೇದಭಾವ ಅಂತ ಕರೆದರು. ಆಗಸ್ಟ್‌ನಲ್ಲಿ ವಸತಿ ಇಲಾಖೆ ನಿಯಮ ಬದಲಿಸಿತು. ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. 750 ತಾತ್ಕಾಲಿಕ ಮನೆ, ಇನ್ನೂ 1,800 ಕಾಯಂ ಮನೆ ಕಟ್ಟಿ ಅಂತ.

ಸರ್ಕಾರ ಮೇಲ್ಮನವಿ ಹಾಕಿತು. 2025ರ ಮೇ ತಿಂಗಳಲ್ಲಿ ಹೊಸ ಅಧ್ಯಕ್ಷರ ಸಹಿಯಿರುವ ಆದೇಶ ಹೊರಬಿತ್ತು. ಅದೇ ಜಾಗದಲ್ಲಿ 6,000 ಮಾಜಿ ಸೈನಿಕರಿಗೆ ವಸತಿ ಆಗಬೇಕು ಅಂತ ಅದರಲ್ಲಿದೆ. ಗಡುವು 2028ರ ಜನವರಿ 1.