ಐಲೇಸಾ ಲೇಸರ್

ಅಮೆರಿಕದ ಬರ್ಕ್ಲಿಯಲ್ಲಿ ಬೆಲ್ಲಾ ಅಂತ ಒಂದು ಲೇಸರ್ ಇದೆ. 2012ರಲ್ಲಿ ಅದು ಸೆಕೆಂಡಿಗೊಂದರಂತೆ ಪೆಟಾವಾಟ್ ಪಲ್ಸ್ ಹೊಡೆದು ತೋರಿಸಿತು. ಒಂದರ ಮುಂದೆ ಹದಿನೈದು ಸೊನ್ನೆ ಹಾಕಿದಷ್ಟು ವಾಟ್! ಕೇಳಿದರೆ ಎದೆ ಝಲ್ ಅನ್ನುತ್ತೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಪಲ್ಸ್‌ನಲ್ಲಿರೋದು ಸುಮಾರು 40 ಜೂಲ್, ಸೆಕೆಂಡಿಗೆ ಒಂದೇ ಪಲ್ಸ್. ಅಲ್ಲಿಗೆ ಸರಾಸರಿ 40 ವಾಟ್. ನಿಮ್ಮ ಪಿಜಿ ರೂಮಿನ ಹಳೇ ಸೀಲಿಂಗ್ ಫ್ಯಾನ್ ಇದಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತೆ.

ಈ ವಿಚಿತ್ರಕ್ಕೆ ಕಾರಣ ಬಿಸಿ. 1960ರಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಹೊತ್ತಿಸಿದಾಗಿನಿಂದಲೂ ಇದೇ ಗೋಳು. ದಪ್ಪ ಹರಳಿನ ಒಳಗೆ ಹುಟ್ಟಿದ ಶಾಖ ಹೊರಬರಲು ಹೊತ್ತು ಬೇಕು. ಅಷ್ಟರಲ್ಲಿ ಹರಳೇ ಮಸೂರದ ಥರ ಬಾಗಿ ಬೆಳಕನ್ನು ಕೆಡಿಸುತ್ತೆ. 1985ರಲ್ಲಿ ರಾಚೆಸ್ಟರ್‌ನಲ್ಲಿ ಡೊನ್ನಾ ಸ್ಟ್ರಿಕ್ಲೆಂಡ್ ಮತ್ತು ಜೆರಾರ್ ಮೂರು ಒಂದು ಉಪಾಯ ಕಂಡುಹಿಡಿದರು: ಪಲ್ಸನ್ನು ಮೊದಲು ಉದ್ದಕ್ಕೆ ಎಳೆದು ತೆಳುವಾಗಿಸು, ಬಲ ತುಂಬು, ಆಮೇಲೆ ಒತ್ತಿ ಗಿಡ್ಡ ಮಾಡು. 2018ರ ನೊಬೆಲ್ ಬಂದಿದ್ದು ಅದಕ್ಕೇ. ಪಲ್ಸ್‌ನ ಏಟು ಜೋರಾಯಿತು ನಿಜ, ಆದರೆ ಬಿಸಿಯ ತಕರಾರು ಹಾಗೇ ಉಳಿಯಿತು.

ಮದ್ದು ಮಾತ್ರ ಬಹಳ ಹಿಂದೆಯೇ ಹುಟ್ಟಿತ್ತು. 1961ರಲ್ಲೇ ಅಮೆರಿಕನ್ ಆಪ್ಟಿಕಲ್ ಕಂಪನಿಯ ಎಲಿಯಾಸ್ ಸ್ನಿಟ್ಜರ್ ಗಾಜಿನ ಎಳೆಯಿಂದ ಲೇಸರ್ ಮಾಡಬಹುದು ಅಂದಿದ್ದರು. ಕೂದಲಿನಂಥ ಉದ್ದ ಎಳೆಗೆ ಮೈಯೆಲ್ಲ ಹೊರಮೈಯೇ, ಹಾಗಾಗಿ ಶಾಖ ಸಲೀಸಾಗಿ ಹೊರಹೋಗುತ್ತೆ. ಆದರೆ ಅಷ್ಟು ಸಣ್ಣ ಎಳೆಯೊಳಗೆ ಬೇಕಾದಷ್ಟು ಬೆಳಕು ತುಂಬೋದು ಹೇಗೆ? ಒಳ್ಳೆಯ ಡಯೋಡ್ ಲೇಸರ್‌ಗಳು ಬರಬೇಕಾಯಿತು, ಎರಡು ಪದರದ ಹೊದಿಕೆಯಿರುವ ಫೈಬರ್ ಬರಬೇಕಾಯಿತು. ಅದನ್ನೂ 1988ರಲ್ಲಿ ಸ್ನಿಟ್ಜರ್ ತಂಡವೇ ತೋರಿಸಿತು. ಇಪ್ಪತ್ತೇಳು ವರ್ಷ ಒಂದೇ ಐಡಿಯಾ ಹಿಡಿದು ಕೂರೋದು ಅಂದ್ರೆ ಸುಮ್ಮನೆ ಅಲ್ಲ. ನಮ್ಮ ಕಡೆ ಮೂರು ಸ್ಪ್ರಿಂಟ್ ಆಗೋದರೊಳಗೆ ಪ್ರಾಜೆಕ್ಟೇ ಮುಚ್ಚಿಬಿಡುತ್ತಾರೆ.

ಫೈಬರ್‌ಗೂ ಒಂದು ಮಿತಿ ಇದೆ. ಗಾಜಿನಲ್ಲಿ ಪಲ್ಸ್‌ನ ತುದಿಬಲ ಸುಮಾರು 4 ಮೆಗಾವಾಟ್ ದಾಟಿದರೆ ಬೆಳಕು ತನ್ನಷ್ಟಕ್ಕೆ ತಾನೇ ಒಂದು ಬಿಂದುವಿಗೆ ಕುಗ್ಗಿ ಗಾಜನ್ನೇ ಸುಡುತ್ತೆ. ಅಂದ್ರೆ ಒಂದು ಎಳೆಯಿಂದ ಆಗೋ ಕೆಲಸ ಅಲ್ಲ. ಹಾಗಾದರೆ ಸಾವಿರ ಎಳೆ ಯಾಕಾಗಬಾರದು? ನಾವು ದೊಡ್ಡ ಸರ್ವರ್ ಬಿಟ್ಟು ಸಣ್ಣ ಸರ್ವರ್‌ಗಳ ಸಾಲು ನಿಲ್ಲಿಸಿದ ಹಾಗೆ. 2013ರಲ್ಲಿ ಮೂರು, ತೊಶಿಕಿ ತಜಿಮಾ, ಯೆನಾ ಊರಿನ ಯೆನ್ಸ್ ಲಿಂಪರ್ಟ್, ಬ್ರಿಟನ್ನಿನ ಬ್ರಾಕ್ಲ್ಸ್‌ಬಿ ಸೇರಿ ಇದನ್ನೇ ಪ್ರಸ್ತಾಪಿಸಿದರು. ಯೋಜನೆಯ ಹೆಸರು ಐಕ್ಯಾನ್. ಸಾವಿರಾರು ಫೈಬರ್‌ಗಳ ಬೆಳಕನ್ನು ಕೂಡಿಸಿ, ಸೆಕೆಂಡಿಗೆ ಸಾವಿರಾರು ಸಲ ಹೊಡೆಯುವ ಪಲ್ಸ್ ಮಾಡಿ, ಕಣ ವೇಗವರ್ಧಕ ಓಡಿಸಬೇಕು ಅನ್ನೋ ಆಸೆ. ತಜಿಮಾ 1979ರಲ್ಲೇ ಜಾನ್ ಡಾಸನ್ ಜೊತೆ ಲೇಸರ್ ಪಲ್ಸ್ ಪ್ಲಾಸ್ಮಾದಲ್ಲಿ ಎಬ್ಬಿಸುವ ಅಲೆಯ ಮೇಲೆ ಎಲೆಕ್ಟ್ರಾನ್ ಕೂರಿಸಿ ಓಡಿಸಬಹುದು ಅಂತ ಬರೆದವರು. ಬೆಲ್ಲಾ 2019ರ ಹೊತ್ತಿಗೆ 20 ಸೆಂಟಿಮೀಟರ್ ದಾರಿಯಲ್ಲಿ 7.8 ಬಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಮುಟ್ಟಿಸಿತು. ಆದರೆ ಸೆಕೆಂಡಿಗೊಂದು ಪಲ್ಸ್‌ನಿಂದ ಪ್ರಯೋಗ ನಡೆಯುತ್ತೆ, ಉಪಯೋಗಕ್ಕೆ ಬರೋ ಯಂತ್ರ ಆಗಲ್ಲ.

ಕಷ್ಟ ಇರೋದು ಕೂಡಿಸೋದರಲ್ಲಿ. ಊರಿನ ತೇರು ಎಳೆದವರಿಗೆ ಗೊತ್ತು, ನೂರು ಜನ ಹಗ್ಗ ಹಿಡಿದರೂ ಐಲೇಸಾ ತಪ್ಪಿದರೆ ತೇರು ಅಲುಗಲ್ಲ. ಬೆಳಕಿನದು ಇನ್ನೂ ಮುಜುಗರ: ಅಲೆಯ ಏರಿಗೆ ಇನ್ನೊಂದರ ಇಳಿತ ಸಿಕ್ಕರೆ ಆ ಜಾಗದಲ್ಲಿ ಎರಡೂ ಮಾಯ. ಈ ಬೆಳಕಿನ ಅಲೆಯುದ್ದ ಮಿಲಿಮೀಟರಿನ ಸಾವಿರದ ಒಂದು ಭಾಗ. ಹೊಂದಾಣಿಕೆ ಅದರಲ್ಲೂ ಸಣ್ಣ ಪಾಲಿನೊಳಗೆ ಇರಬೇಕು. ಮೀಟರುಗಟ್ಟಲೆ ಫೈಬರ್ ಪಂಪಿನ ಸದ್ದಿಗೆ ನಡುಗಿದರೂ, ರೂಮಿನ ಬಿಸಿಗೆ ಹಿಗ್ಗಿದರೂ ಲೆಕ್ಕ ತಪ್ಪುತ್ತೆ. ಅದಕ್ಕೆ ಪ್ರತಿ ಎಳೆಯ ಹೊರಬೆಳಕನ್ನೂ ಅಳೆದು, ಪೀಜೊ ಮೇಲೆ ಕೂತ ಕನ್ನಡಿಯನ್ನೋ ಫೈಬರನ್ನೋ ಬಿಡದೆ ಸರಿಪಡಿಸುತ್ತಲೇ ಇರುತ್ತಾರೆ. ಫೀಡ್‌ಬ್ಯಾಕ್ ಲೂಪ್ ನಿಂತರೆ ಲೇಸರೂ ನಿಂತಂತೆ. ಆದರೆ ಒಂದೆರಡು ಎಳೆ ಕೆಟ್ಟರೆ ಏನೂ ಆಗಲ್ಲ, ಬಲ ಸ್ವಲ್ಪ ಇಳಿಯುತ್ತೆ ಅಷ್ಟೆ.

2020ರಲ್ಲಿ ಎರಡು ಸುದ್ದಿ ಬಂದವು. ಫ್ರಾನ್ಸಿನ ಎಕೋಲ್ ಪಾಲಿಟೆಕ್ನಿಕ್‌ನವರು ಥಾಲೆಸ್ ಕಂಪನಿ ಜೊತೆ ಸೇರಿ 61 ಫೈಬರ್‌ಗಳನ್ನು ಜೇನುಗೂಡಿನ ಥರ ಜೋಡಿಸಿ ಒಟ್ಟಿಗೆ ಮಿಡಿಸಿದರು. ಯೆನಾದವರು 12 ಆಂಪ್ಲಿಫೈಯರ್‌ಗಳಿಂದಲೇ 10.4 ಕಿಲೋವಾಟ್ ಸರಾಸರಿ ಬಲ ತೆಗೆದರು, ಸೆಕೆಂಡಿಗೆ 8 ಕೋಟಿ ಪಲ್ಸ್. ಬೆಲ್ಲಾದ 40 ವಾಟ್‌ಗೆ ಇದು ಇನ್ನೂರೈವತ್ತು ಪಟ್ಟು! ಆದರೆ ಭಾಗಿಸಿ ನೋಡಿದರೆ ಒಂದೊಂದು ಪಲ್ಸ್‌ಗೆ ಸಿಗೋದು 130 ಮೈಕ್ರೋಜೂಲ್. ಬೆಲ್ಲಾದ ಒಂದು ಏಟಿಗೆ ಇಂಥ ಮೂರು ಲಕ್ಷ ಏಟು ಕೂಡಿಸಬೇಕು.

ಆ ಅಂತರ ತುಂಬೋಕೆ ಎಳೆಗಳ ಸಂಖ್ಯೆ ಹೆಚ್ಚಿಸೋದು ಒಂದು ದಾರಿ. ಇನ್ನೊಂದು ದಾರಿ ಮಿಶಿಗನ್ ವಿಶ್ವವಿದ್ಯಾಲಯದ ಅಲ್ಮಾಂಟಸ್ ಗಾಲ್ವನೌಸ್ಕಸ್ ಅವರ ತಂಡದ್ದು. ಒಂದರ ಹಿಂದೊಂದು ಬರುವ 81 ಪಲ್ಸ್‌ಗಳನ್ನು ಕನ್ನಡಿಗಳ ಗೂಡುಗಳಲ್ಲಿ ತಡೆದು, ಹಿಂದಿನವು ಬರುವ ತನಕ ಸುತ್ತಿಸಿ, ಕೊನೆಗೆ ಒಂದೇ ಪಲ್ಸ್ ಮಾಡಿ ಹೊರಗೆ ಬಿಡೋದು.