ಗೇಣುದ್ದದ ಮೈಕು, ಊರಗಲದ ಸದ್ದು

1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡ ‘ಆಲಂ ಆರಾ’ ಭಾರತದ ಮೊದಲ ವಾಕ್ಚಿತ್ರ. ಅದರ ಚಿತ್ರೀಕರಣ ಹೆಚ್ಚಾಗಿ ನಡೆದದ್ದು ರಾತ್ರಿ ಹೊತ್ತು. ಅರ್ದೇಶಿರ್ ಇರಾನಿಯವರ ಸ್ಟುಡಿಯೊ ಪಕ್ಕದಲ್ಲೇ ರೈಲು ಹಳಿಗಳಿದ್ದವು. ಹೊರಗಿನ ಸದ್ದನ್ನು ತಡೆಯುವ ಗೋಡೆಗಳು ಆ ಸ್ಟುಡಿಯೊಗೆ ಇರಲಿಲ್ಲ. ಹಾಗಾಗಿ ರೈಲುಗಳ ಓಡಾಟ ನಿಂತ ಮೇಲೆಯೇ ನಟರು ಬಾಯಿ ತೆರೆಯಬೇಕಿತ್ತು. ಮೈಕುಗಳನ್ನು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಅಲ್ಲಲ್ಲಿ ಬಚ್ಚಿಡುತ್ತಿದ್ದರು. ಚಿತ್ರ ಮತ್ತು ಧ್ವನಿ ಎರಡೂ ಒಂದೇ ಫಿಲ್ಮಿನ ಮೇಲೆ ಒಟ್ಟಿಗೇ ದಾಖಲಾಗುತ್ತಿದ್ದುದರಿಂದ ಆಮೇಲೆ ಕೂತು ತಿದ್ದುವ ಅವಕಾಶವೂ ಇರಲಿಲ್ಲ.

ಮೂರು ವರ್ಷಗಳ ನಂತರ, 1934ರಲ್ಲಿ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂತು. ಅದು ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೊದಲ್ಲಿ. ಕನ್ನಡ ಸಿನಿಮಾ ಮಾತು ಕಲಿತದ್ದೇ ಹೊರನಾಡಿನಲ್ಲಿ. ಮಾತನ್ನು ಹಿಡಿಯಬೇಕಾದರೆ ಯಂತ್ರ ಎಲ್ಲಿದೆಯೋ ಅಲ್ಲಿಗೆ ನಟರು ಹೋಗಬೇಕಿದ್ದ ಕಾಲ ಅದು. ಯಂತ್ರವೇ ನಟರಿದ್ದಲ್ಲಿಗೆ, ಕಥೆ ನಡೆಯುವ ಊರಿಗೆ ಬರಲು ಇನ್ನೂ ಹಲವು ದಶಕಗಳು ಹಿಡಿದವು.

ಅಡ್ಡಿ ಇದ್ದದ್ದು ಮೈಕಿನ ಸ್ವಭಾವದಲ್ಲೇ. ಮದುವೆ ಮನೆಯ ಗದ್ದಲದಲ್ಲೂ ಎದುರಿಗಿರುವವರ ಮಾತನ್ನು ಮನುಷ್ಯ ಆರಿಸಿ ಕೇಳಿಸಿಕೊಳ್ಳುತ್ತಾನೆ. ಮೈಕಿಗೆ ಆ ವಿವೇಕವಿಲ್ಲ. ನಾಯಕಿಯ ಪಿಸುಮಾತು, ಹಿಂದಿನ ಬೀದಿಯ ಲಾರಿ, ಮರದ ಮೇಲಿನ ಕಾಗೆ, ಎಲ್ಲವೂ ಅದಕ್ಕೆ ಸಮಾನ. ಹತ್ತಿರ ಹಿಡಿದರೆ ಮಾತು ಸ್ಪಷ್ಟ, ಆದರೆ ಮೈಕು ಚೌಕಟ್ಟಿನೊಳಗೆ ಕಾಣುತ್ತದೆ. ದೂರ ಹಿಡಿದರೆ ಕಾಣುವುದಿಲ್ಲ, ಆದರೆ ಮಾತು ಗದ್ದಲದಲ್ಲಿ ಮುಳುಗುತ್ತದೆ.

ಒಂದು ದಿಕ್ಕಿನ ಸದ್ದನ್ನಷ್ಟೇ ಆರಿಸಿಕೊಳ್ಳುವ ಮೈಕನ್ನು ಮಾಡಲು 1930ರ ದಶಕದಲ್ಲಿ ಅಮೆರಿಕದ ಎಂಜಿನಿಯರುಗಳು ಹೊರಟರು. ಬೆಲ್ ಪ್ರಯೋಗಾಲಯದ ಮೇಸನ್ ಮತ್ತು ಮಾರ್ಷಲ್ ಬೇರೆ ಬೇರೆ ಉದ್ದದ ತೆಳು ಕೊಳವೆಗಳನ್ನು ಕಟ್ಟಿನಂತೆ ಜೋಡಿಸಿ, ಅವುಗಳ ಹಿಂತುದಿಯಲ್ಲಿ ಮೈಕನ್ನಿಟ್ಟರು. ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ ಕೂಡ ಇದೇ ದಾರಿಯಲ್ಲಿ ಕೆಲಸ ಮಾಡಿದರು. ಮುಂದೆ ಕೊಳವೆಗಳ ಕಟ್ಟಿನ ಬದಲು, ಪಕ್ಕದಲ್ಲಿ ಸಾಲಾಗಿ ಸೀಳುಗಳಿರುವ ಒಂದೇ ಕೊಳವೆ ಸಾಕೆಂದಾಯಿತು. ನೋಡಲು ಬಂದೂಕಿನ ನಳಿಗೆಯಂತಿದ್ದುದರಿಂದ ಅದಕ್ಕೆ ಶಾಟ್‌ಗನ್ ಮೈಕು ಎಂಬ ಹೆಸರು ಅಂಟಿಕೊಂಡಿತು.

ಅದು ಕೆಲಸ ಮಾಡುವ ರೀತಿ ಸರಳ. ನೇರ ಎದುರಿನಿಂದ ಬಂದ ಸದ್ದಿನ ಅಲೆ ಕೊಳವೆಯ ಬಾಯಿಯಿಂದ ಒಳಹೊಕ್ಕರೂ, ಸೀಳುಗಳಿಂದ ಒಳಹೊಕ್ಕರೂ, ಮೈಕನ್ನು ತಲುಪುವುದು ಒಂದೇ ಹೊತ್ತಿಗೆ. ಎಲ್ಲವೂ ಸೇರಿ ಸದ್ದು ಬಲವಾಗಿರುತ್ತದೆ. ಪಕ್ಕದಿಂದ ಬಂದ ಸದ್ದು ಒಂದೊಂದು ಸೀಳಿನಿಂದ ಒಂದೊಂದು ಹೊತ್ತಿಗೆ ತಲುಪುತ್ತದೆ. ಏರುವ ಅಲೆ ಇಳಿಯುವ ಅಲೆಗೆ ತಾಗಿ ಒಂದನ್ನೊಂದು ಅಳಿಸುತ್ತವೆ. ದೂರದ ಸದ್ದನ್ನು ಈ ಕೊಳವೆ ದೂರದರ್ಶಕದಂತೆ ಹತ್ತಿರಕ್ಕೆ ಎಳೆದು ತರುವುದಿಲ್ಲ. ಪಕ್ಕದ ಸದ್ದನ್ನು ತಗ್ಗಿಸುವುದಷ್ಟೇ ಅದರ ಕೆಲಸ.

ಇದಕ್ಕೊಂದು ಮಿತಿಯಿದೆ. ಕೊಳವೆಗಿಂತ ಉದ್ದವಾದ ಅಲೆಗಳ ಮೇಲೆ ಈ ಉಪಾಯ ನಡೆಯುವುದಿಲ್ಲ. 1970ರ ದಶಕದಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ತಂದ ಎಂಕೆಎಚ್ 416 ಎಂಬ ಮೈಕಿನ ಉದ್ದ 25 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ಸುಮಾರು 1,400 ಹರ್ಟ್ಸ್‌ಗಿಂತ ಕೆಳಗಿನ ಸದ್ದಿನ ಅಲೆಗಳು ಇದಕ್ಕಿಂತ ಉದ್ದ. 100 ಹರ್ಟ್ಸ್‌ನ ಗುಡುಗಿಗೆ ಮೂರು ಮೀಟರಿಗೂ ಮೀರಿದ ಅಲೆ. ಹಾಗಾಗಿ ಪಕ್ಕದಲ್ಲಿ ಚಿಲಿಪಿಲಿಗುಡುವ ಹಕ್ಕಿಯನ್ನು ಈ ಮೈಕು ಚೆನ್ನಾಗಿ ತಗ್ಗಿಸುತ್ತದೆ. ಜನರೇಟರಿನ ಗುಂಯ್‌ಗುಡುವಿಕೆಗೆ, ಹೆದ್ದಾರಿಯ ಮೊರೆತಕ್ಕೆ ಅದರ ಕೊಳವೆ ಲೆಕ್ಕಕ್ಕಿಲ್ಲ. ಸದ್ದು ಗೋಡೆಗೆ ಬಡಿದು ಮರಳುವ ಪುಟ್ಟ ಕೋಣೆಯಲ್ಲೂ ಅದು ಎಡವುತ್ತದೆ. ಇದೇ ಕಂಪನಿಯ ಇನ್ನೊಂದು ಮೈಕು, ಎಂಕೆಎಚ್ 816, ಅರ್ಧ ಮೀಟರಿಗೂ ಉದ್ದ. ಅದರ ಗುರಿ ಇನ್ನೂ ಕಿರಿದು. ಆದರೆ ಅದನ್ನು ಕೋಲಿಗೆ ಕಟ್ಟಿ, ಅತ್ತಿತ್ತ ನಡೆಯುವ ನಟರ ತಲೆಯ ಮೇಲೆ ಗುರಿ ತಪ್ಪದಂತೆ ಆಡಿಸುವುದು ಕಷ್ಟ. ಪುಟ್ಟ ಮೈಕು ಗೆದ್ದದ್ದು ಈ ರಾಜಿಯಿಂದ. ಗುರಿ ಸ್ವಲ್ಪ ಸಡಿಲವಾದರೂ ಕೋಲು ಹಿಡಿದವರ ತೋಳಿಗೆ ಹಗುರ, ಚೌಕಟ್ಟಿನ ಅಂಚಿನವರೆಗೆ ಇಳಿಸಬಹುದು. ಅದರ ವಿದ್ಯುತ್ ರಚನೆ ತೇವಕ್ಕೆ ಸುಲಭವಾಗಿ ಕೆಡುತ್ತಿರಲಿಲ್ಲ. ಮಳೆನಾಡುಗಳಿಗೆ ಇದು ಸಣ್ಣ ಲಾಭವಲ್ಲ.

ಅಷ್ಟು ಹೊತ್ತಿಗೆ ಹೆಗಲಿಗೆ ನೇತುಹಾಕಿಕೊಳ್ಳುವ ರೆಕಾರ್ಡರೂ ಬಂದಿತ್ತು. ಪೋಲೆಂಡ್ ಮೂಲದ ಸ್ಟೆಫಾನ್ ಕುಡೆಲ್ಸ್ಕಿ ಸ್ವಿಟ್ಜರ್ಲೆಂಡಿನಲ್ಲಿ 1951ರಲ್ಲಿ ಮೊದಲ ‘ನಾಗ್ರಾ’ ಟೇಪ್ ರೆಕಾರ್ಡರನ್ನು ತಯಾರಿಸಿದ್ದರು. 1960ರ ದಶಕದಲ್ಲಿ ಯುರೋಪು, ಅಮೆರಿಕಗಳ ಚಿತ್ರತಂಡಗಳು ನಾಗ್ರಾ ಮತ್ತು ಕೊಳವೆ ಮೈಕು ಹಿಡಿದು ಬೀದಿಗಿಳಿದವು.

ಭಾರತದ ಜನಪ್ರಿಯ ಸಿನಿಮಾ ಅದೇ ದಶಕದಲ್ಲಿ ಬೀದಿಗಿಳಿಯಿತು, ಆದರೆ ಕಿವಿಯನ್ನು ಮನೆಯಲ್ಲೇ ಬಿಟ್ಟು ಹೋಯಿತು. ಬಣ್ಣದ ಚಿತ್ರಗಳಿಗೆ ಕಾಶ್ಮೀರ ಬೇಕಿತ್ತು, ಊಟಿ ಬೇಕಿತ್ತು. ಅಲ್ಲಿಗೆ ಹೊತ್ತೊಯ್ಯಲು ಹಗುರವಾಗಿದ್ದ ಆರಿಫ್ಲೆಕ್ಸ್ ಕ್ಯಾಮೆರಾ ಓಡುವಾಗ ಗರಗರ ಸದ್ದು ಮಾಡುತ್ತಿತ್ತು. ಅದರ ಜೊತೆಗೆ ನೋಡಲು ನೆರೆದ ಜನ, ಜನರೇಟರು, ಟೇಕ್ ನಡುವೆಯೇ ಕೂಗಿ ಹೇಳುವ ಸೂಚನೆಗಳು. ಇವೆಲ್ಲಕ್ಕೂ ಒಂದೇ ಪರಿಹಾರವಾಗಿ ಸಿಕ್ಕಿದ್ದು ಡಬ್ಬಿಂಗ್. ಸ್ಥಳದಲ್ಲಿ ದಾಖಲಾದ ಧ್ವನಿ ‘ಪೈಲಟ್ ಟ್ರ್ಯಾಕ್’ ಎನಿಸಿಕೊಂಡಿತು. ನಟರು ತಿಂಗಳುಗಳ ನಂತರ ಸ್ಟುಡಿಯೊದ ಕತ್ತಲಲ್ಲಿ ನಿಂತು ಅದನ್ನು ಕೇಳಿ, ತಮ್ಮ ತುಟಿಗೆ ತಾವೇ ಮಾತು ಕೂಡಿಸುತ್ತಿದ್ದರು. ಎಷ್ಟೋ ಸಲ ತುಟಿ ಒಬ್ಬರದು, ದನಿ ಇನ್ನೊಬ್ಬರದು.

ಕನ್ನಡಿಗರಿಗೆ ಡಬ್ಬಿಂಗ್ ಎಂದೊಡನೆ ನೆನಪಾಗುವುದು ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ತರಬೇಕೇ ಬೇಡವೇ ಎಂಬ ದೀರ್ಘ ಜಗಳ. ಕನ್ನಡ ಚಿತ್ರಗಳೇ ಕನ್ನಡಕ್ಕೆ ಡಬ್ ಆಗುತ್ತಿದ್ದುದು ಚರ್ಚೆಗೆ ಬಂದದ್ದು ಕಡಿಮೆ. ಶ್ಯಾಮ್ ಬೆನಗಲ್‌ರಂಥ ಕೆಲವರು 1970ರ ದಶಕದಲ್ಲೂ ಸ್ಥಳದ ಧ್ವನಿಯನ್ನು ನೆಚ್ಚಿಕೊಂಡರು. ಮುಖ್ಯವಾಹಿನಿಯಲ್ಲಿ ಮಾತ್ರ ಒಳ್ಳೆಯ ಮೈಕು ಕೈಗೆಟಕುವ ಕಾಲದಲ್ಲೂ ಅದನ್ನು ಬಳಸುವ ಅಭ್ಯಾಸವೇ ಉಳಿಯಲಿಲ್ಲ.

ಅದು ಮರಳಿದ್ದು 2001ರಲ್ಲಿ. ಆಶುತೋಷ್ ಗೋವಾರಿಕರ್ ನಿರ್ದೇಶನದ ‘ಲಗಾನ್’ ಚಿತ್ರವನ್ನು ಕಛ್‌ನ ಭುಜ್ ಬಳಿಯ ಬಯಲಿನಲ್ಲಿ, ಸಾವಿರಾರು ಜನ ಸೇರುವ ಕ್ರಿಕೆಟ್ ಪಂದ್ಯದ ದೃಶ್ಯಗಳೂ ಸೇರಿದಂತೆ, ಸ್ಥಳದ ಧ್ವನಿಯಲ್ಲೇ ಚಿತ್ರೀಕರಿಸಿದರು. ಸ್ಥಳದಲ್ಲಿ ಧ್ವನಿ ಹಿಡಿದ ನಕುಲ್ ಕಾಮ್ಟೆ ಮತ್ತು ಮಿಶ್ರಣ ಮಾಡಿದ ಎಚ್. ಶ್ರೀಧರ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ವರ್ಷ ತೆರೆಕಂಡ ‘ದಿಲ್ ಚಾಹ್ತಾ ಹೈ’ ಕೂಡ ಸಿಂಕ್ ಸೌಂಡ್ ಚಿತ್ರ. ಹೊಸ ಮೈಕಿನಿಂದ ಆದ ಬದಲಾವಣೆ ಇದಲ್ಲ. ಗೇಣುದ್ದದ ಕೊಳವೆ ಅದಕ್ಕೆ ಕಾಲು ಶತಮಾನ ಮೊದಲೇ ಇತ್ತು. ಬದಲಾದದ್ದು ಚಿತ್ರೀಕರಣದ ಶಿಸ್ತು. ಕೊಳವೆ ತಡೆಯಲಾರದ ಗುಡುಗನ್ನು ಮನುಷ್ಯರೇ ತಡೆಯಬೇಕು: ಜನರೇಟರನ್ನು ದೂರ ಒಯ್ಯಬೇಕು, ಸದ್ದಿಲ್ಲದ ಕ್ಯಾಮೆರಾ ಬಾಡಿಗೆಗೆ ತರಬೇಕು, ನಟರು ಸಂಭಾಷಣೆ ಕಲಿತು ಬರಬೇಕು, ಟೇಕ್ ಮುಗಿಯುವವರೆಗೆ ನೂರಾರು ಜನ ಸುಮ್ಮನಿರಬೇಕು. ಮೌನಕ್ಕೆ ದುಡ್ಡು ಬೇಕು, ಸಮಯ ಬೇಕು. ಮೈಕಿನ ಬೆಲೆ ಇಳಿದಷ್ಟು ಸುಲಭವಾಗಿ ಮೌನದ ಬೆಲೆ ಇಳಿಯುವುದಿಲ್ಲ.

ಈ ಖರ್ಚಿನಿಂದ ಸಿಗುವುದೇನು ಎಂಬುದಕ್ಕೆ ಕನ್ನಡದ ‘ತಿಥಿ’ ಒಳ್ಳೆಯ ಉತ್ತರ. ರಾಮ್ ರೆಡ್ಡಿ ನಿರ್ದೇಶನದ, ಈರೇಗೌಡ ಜೊತೆಗೂಡಿ ಬರೆದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಿಂದೆಂದೂ ನಟಿಸದ ಹಳ್ಳಿಗರನ್ನು ಇಟ್ಟುಕೊಂಡು, ಅವರ ಮಾತನ್ನು ಅಲ್ಲೇ ಹಿಡಿದ ಚಿತ್ರವಿದು. ಬೈಗುಳದ ಹಿಂದಿನ ಸಲಿಗೆ, ನುಂಗಿದ ಅಕ್ಷರ, ಕೆಮ್ಮಿ ಮುಂದುವರಿಸುವ ವಾಕ್ಯ, ಇವು ಬರವಣಿಗೆಯಲ್ಲಿರುವುದಿಲ್ಲ. ಕ್ಯಾಮೆರಾ ಎದುರು ಮೊದಲ ಸಲ ನಿಂತ ಮುದುಕರನ್ನು ತಿಂಗಳುಗಳ ಬಳಿಕ ಸ್ಟುಡಿಯೊಗೆ ಕರೆತಂದು ಅದೇ ಮಾತನ್ನು ಅದೇ ಲಯದಲ್ಲಿ ಮತ್ತೆ ಆಡಿಸುವುದು ಆಗದ ಕೆಲಸ. ಬೇರೆಯವರ ದನಿ ಕೂಡಿಸಿದರೆ ಕಥೆ ಉಳಿದೀತು, ಮಂಡ್ಯ ಉಳಿಯುವುದಿಲ್ಲ.

ಸ್ಥಳದ ಧ್ವನಿಯ ಕೆಲಸವನ್ನು ರಾಷ್ಟ್ರಪ್ರಶಸ್ತಿಗಳು 2009ರ ಚಿತ್ರಗಳಿಂದ ಪ್ರತ್ಯೇಕ ವಿಭಾಗವಾಗಿ ಗುರುತಿಸತೊಡಗಿದವು. ಆದರೂ ಅದರ ಅರ್ಥ ಎಲ್ಲರಿಗೂ ಮನದಟ್ಟಾಗಿರಲಿಲ್ಲ. 2022ರ ಜುಲೈನಲ್ಲಿ ಸಿಂಕ್ ಸೌಂಡ್ ಚಿತ್ರಗಳಿಗಷ್ಟೇ ಮೀಸಲಾದ ಆ ಪ್ರಶಸ್ತಿ ಕನ್ನಡದ ‘ಡೊಳ್ಳು’ ಚಿತ್ರಕ್ಕೆ ಪ್ರಕಟವಾಯಿತು. ಆ ಚಿತ್ರದ ಧ್ವನಿ ವಿನ್ಯಾಸಕ ನಿತಿನ್ ಲೂಕೋಸ್ ಅವರೇ, ಇದು ಡಬ್ ಮಾಡಿದ ಚಿತ್ರ ಎಂದು ಬಹಿರಂಗವಾಗಿ ಹೇಳಿದರು. ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಆ ಮಾತನ್ನು ಇನ್ನಷ್ಟು ಜನರಿಗೆ ಮುಟ್ಟಿಸಿದರು. ಚಿತ್ರದ ಗುಣಕ್ಕೆ ಇದರಿಂದ ಕುಂದಿಲ್ಲ. ಡಬ್ಬಿಂಗ್ ಕೂಡ ಪರಿಶ್ರಮದ ಕಸುಬೇ. ಬಿಸಿಲಲ್ಲಿ ಕೋಲು ಹಿಡಿದು ನಿಲ್ಲುವವರ ಕಸುಬು ಮಾತ್ರ ಅದಕ್ಕಿಂತ ಬೇರೆ ಎಂಬ ತಿಳಿವಳಿಕೆ ಅಲ್ಲಿ ಕಾಣಲಿಲ್ಲ.

ಕ್ಯಾನನ್ 5ಡಿ ಮಾರ್ಕ್ 2ರಂಥ ಕ್ಯಾಮೆರಾಗಳು 2008ರಿಂದ ಸಿನಿಮಾ ಮಾಡುವ ಆಸೆಯನ್ನು ಕಾಲೇಜು ಹುಡುಗರ ಕೈಗೆಟಕಿಸಿದವು. ಅವುಗಳ ನೆತ್ತಿಯ ಮೇಲೆ ಗೇಣಿಗಿಂತ ಚಿಕ್ಕ ಶಾಟ್‌ಗನ್ ಮೈಕುಗಳು, ಗಾಳಿ ತಡೆಯುವ ರೋಮದ ಹೊದಿಕೆ ತೊಟ್ಟು ಕುಳಿತವು. ಕೊಳವೆ ಗಿಡ್ಡವಾದಷ್ಟೂ ಅದು ತಗ್ಗಿಸಬಲ್ಲ ಸದ್ದು ಕಡಿಮೆಯಾಗುತ್ತದೆ. ಕ್ಯಾಮೆರಾ ಮೇಲೆ ಕೂತಾಗ ಅದು ಮಾತಾಡುವವರ ಬಾಯಿಯಿಂದ ಕ್ಯಾಮೆರಾದಷ್ಟೇ ದೂರ. ಅದನ್ನು ಕಳಚಿ ಕೋಲಿಗೆ ಕಟ್ಟಿ, ಚೌಕಟ್ಟಿನ ಹೊರಗೆ, ಮಾತಾಡುವವರ ನೆತ್ತಿಯ ಮೇಲೆ ಒಂದೆರಡು ಮೊಳದ ದೂರದಲ್ಲಿ ಹಿಡಿಯಲು ಒಬ್ಬರು ಬೇಕು. ಅವರು ಕೈ ಎತ್ತಿದಾಗ ಉಳಿದವರು ಮಾತು ನಿಲ್ಲಿಸಬೇಕು. ರೈಲು ದಾಟಲಿ ಎಂದು ಇರಾನಿಯವರ ತಂಡ 1931ರಲ್ಲಿ ಕಾದದ್ದೂ ಇದಕ್ಕಾಗಿಯೇ.