ಹಿತ್ತಲ ಸಣ್ಣ ಬಾಗಿಲೂ ನಮ್ಮನೆ ಕಮೋಡಿನ ರಬ್ಬರೂ

ಹೋದ ತಿಂಗಳು ನಮ್ಮನೆ ಕೆಳಗಿನ ರೂಮಿನ ಬಾತ್‌ರೂಮಲ್ಲಿ, ಕಮೋಡಿನ ಹಿಂದೆ ನೀರು ಜಿನುಗೋಕೆ ಶುರುವಾಯ್ತು. ಮೊದಲು ನಲ್ಲಿ ನೀರು ಅಂದ್ಕೊಂಡು ಬಟ್ಟೆ ಹಾಕಿ ಒರೆಸ್ತಾ ಇದ್ದೆ. ಮೂರನೇ ದಿನಕ್ಕೆ ವಾಸನೆ ಬಂತು.

ನಮ್ಮತ್ತೆಗೆ 86 ವರ್ಷ, ಮೆಟ್ಟಿಲು ಹತ್ತೋಕಾಗಲ್ಲ. ಅದಕ್ಕೇ ಕೆಳಗೆ ಒಂದು ಕಕ್ಕಸು ಮಾಡಿಸಿದ್ದು. ಲಿಂಗರಾಜಪುರದಲ್ಲಿ ಹಳೇ ಮನೆ ಇರೋರಿಗೆ ಈ ಕಷ್ಟ ಗೊತ್ತಿರತ್ತೆ, ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಮೇಲೆ ಹೋಗಿದೆ, ಮನೆ ಕೆಳಗೆ ಉಳಿದಿದೆ. ಮ್ಯಾನ್‌ಹೋಲಿಗೆ ಇಳಿಜಾರೇ ಸಿಗಲ್ಲ. ಅದಕ್ಕೆ ಮಗ ಕಮೋಡಿನ ಹಿಂದೆ ಮ್ಯಾಸರೇಟರ್ ಅನ್ನೋ ಡಬ್ಬ ಕೂರಿಸಿದ. ಒಳಗೆ ಬ್ಲೇಡು, ಮೋಟರು ಇರತ್ತೆ. ಫ್ಲಶ್ ಮಾಡಿದ ತಕ್ಷಣ ಗುರ್ರ್ ಅಂತ ಎಲ್ಲಾ ಅರೆದು ಸಣ್ಣ ಪೈಪಲ್ಲಿ ಮೇಲಕ್ಕೆ ತಳ್ಳತ್ತೆ. ನಾವು ಅದನ್ನ ಹಿಂದಿನ ಮಿಕ್ಸಿ ಅಂತೀವಿ.

ಪ್ಲಂಬರ್ ಹುಡುಗ ಬಂದು ಬಗ್ಗಿ ನೋಡಿದ. "ಆಂಟಿ, ಈ ಡಬ್ಬ ಎಲ್ಲಾ ನಾವು ಮುಟ್ಟಲ್ಲ. ಇದಕ್ಕೆ ಬೇರೆ ಜನ ಬರ್ತಾರೆ, ಅವರನ್ನ ಕರೀರಿ" ಅಂದು ಹೊರಟೇಹೋದ.

ನಂಗೆ ಕೋಪ ಬಂತು. ಆದ್ರೆ ಮಂಚದ ಮೇಲೆ ಕೂತಿದ್ದ ನಮ್ಮತ್ತೆ ನಕ್ಕರು. "ಅವಾಗ್ಲೂ ಇದೇ ಮಾತು ಕಣೇ, ಬೇರೆ ಜನ" ಅಂದ್ರು. ಆವತ್ತು ಮಧ್ಯಾಹ್ನ ಅವರು ಹೇಳಿದ್ದನ್ನೇ ಇಲ್ಲಿ ಬರೀತಿರೋದು.

ಅತ್ತೆ 1960ರಲ್ಲಿ ಮದುವೆಯಾಗಿ ಬಂದಿದ್ದು ಕಾಕ್ಸ್ ಟೌನಿನ ಬಾಡಿಗೆ ಮನೆಗೆ. ಕಕ್ಕಸು ಹಿತ್ತಲ ಕೊನೇಲಿ. ಎರಡು ಕಲ್ಲು, ಮಧ್ಯೆ ತೂತು, ಕೆಳಗೆ ತಗಡಿನ ಡಬ್ಬ. ಹಿಂದಿನ ಗೋಡೆಯ ಬುಡದಲ್ಲಿ ಮೊಳದಷ್ಟು ಎತ್ತರದ ಸಣ್ಣ ಬಾಗಿಲು, ಅದು ಹಿಂದಿನ ಓಣಿಗೆ ತೆರೆಯೋದು. ಬೆಳಿಗ್ಗೆ ಕಾಫಿಗೆ ಮುಂಚೆ ಒಬ್ಬ ಹೆಂಗಸು ಆ ಓಣೀಲಿ ಬಂದು, ಬಾಗಿಲು ಎತ್ತಿ, ಡಬ್ಬ ಎಳೆದು, ಬುಟ್ಟಿಗೆ ಸುರ್ಕೊಂಡು, ಬೂದಿ ಎರಚಿ ಹೋಗೋಳು. ತೆಲುಗು ಮಾತಾಡೋಳಂತೆ. ದೀಪಾವಳಿಗೆ ಹಳೇ ಸೀರೆ, ಹೋಳಿಗೆ ಗೋಡೆ ಮೇಲಿಂದಾನೇ ಕೊಡ್ತಿದ್ರು.

"ಅವಳ ಹೆಸರೇನತ್ತೆ?" ಅಂದೆ.

ಅತ್ತೆ ತುಂಬಾ ಹೊತ್ತು ಯೋಚನೆ ಮಾಡಿದ್ರು. "ಯಾರು ಕೇಳಿದ್ರು ಹೆಸರು? 'ಏಮ್ಮಾ' ಅಂತ ಕರೀತಿದ್ವಿ."

ಫ್ರೇಜರ್ ಟೌನ್, ಕಾಕ್ಸ್ ಟೌನ್, ಮಲ್ಲೇಶ್ವರದ ಕಡೆ ಹೋದಾಗ ನೋಡಿ, ಎರಡು ಸಾಲು ಮನೆಗಳ ಬೆನ್ನಿನ ಮಧ್ಯೆ ಸಣ್ಣ ಓಣಿಗಳಿರ್ತವೆ. ಕನ್ಸರ್ವೆನ್ಸಿ ಲೇನ್ ಅಂತಾರೆ. ಈಗ ಸ್ಕೂಟರ್ ನಿಲ್ಸೋಕೆ, ಕಸ ಹಾಕೋಕೆ ಆಗಿದೆ. ಅದಿದ್ದಿದ್ದೇ ಬುಟ್ಟಿ ಹೊತ್ತವರು ಮುಂದಿನ ರಸ್ತೇಲಿ ಯಾರ ಕಣ್ಣಿಗೂ ಬೀಳದೆ ಬಂದು ಹೋಗಲಿ ಅಂತ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, ಪೇಟೆ, ದಂಡು ಎರಡೂ ಕಡೆ ಜನ ಸತ್ತರು. ಅದಾದ ಮೇಲೇ ಮಲ್ಲೇಶ್ವರ, ಬಸವನಗುಡಿ ಬೆಳೆದಿದ್ದು. ದಂಡಿನ ಕಡೆ ಫ್ರೇಜರ್ ಟೌನ್ ಕಟ್ಟಿದ್ರು. ಅಲ್ಲಿನ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್, ಪ್ಲೇಗು ತಾಕದ ಊರು ಹೇಗೆ ಕಟ್ಟಬೇಕು ಅಂತ 1914ರಲ್ಲಿ ಪುಸ್ತಕಾನೇ ಬರೆದ್ರು. ಇಲಿ ಸೇರದ ಮನೆ, ಗಾಳಿ, ಬೆಳಕು, ಅಗಲ ರಸ್ತೆ ಎಲ್ಲಾ ಯೋಚನೆ ಮಾಡಿದ್ರು. ಬುಟ್ಟಿ ಹೊರೋರಿಗೆ ಮಾತ್ರ ಓಣಿ ಸಿಕ್ತು, ಬುಟ್ಟಿ ತಪ್ಪಲಿಲ್ಲ.

ಕಮೋಡು ಆಗಿನ್ನೂ ಕಂಡುಹಿಡಿದಿರಲಿಲ್ವಾ ಅಂದ್ರೆ, ಅದೂ ಅಲ್ಲ. ಲಂಡನ್ನಿನಲ್ಲಿ ಅಲೆಕ್ಸಾಂಡರ್ ಕಮಿಂಗ್ ಅನ್ನೋ ಗಡಿಯಾರದವನು 1775ರಲ್ಲೇ ಪೈಪನ್ನ ಬಗ್ಗಿಸಿ, ಬಾಗಿದ ಕಡೆ ನೀರು ನಿಲ್ಲಿಸಿ, ವಾಸನೆ ತಡೆದು ಪೇಟೆಂಟ್ ತಗೊಂಡಿದ್ದ. ನಮ್ಮ ಕಮೋಡಿನಲ್ಲಿ ಇವತ್ತೂ ನಿಂತಿರೋ ನೀರು ಅದೇ. ಆದ್ರೆ ಫ್ಲಶ್ಶಿಗೆ ನೀರು ಬೇಕು, ನೆಲದೊಳಗೆ ಪೈಪು ಬೇಕು. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದಿದ್ದು 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿಯದು 1933ರಲ್ಲಿ, ಕಾವೇರಿ 1974ರಲ್ಲಿ. ಜಲಮಂಡಳಿ ಹುಟ್ಟಿದ್ದೇ 1964ರಲ್ಲಿ. ನೀರು ಕುಡಿಯೋಕೇ ಸಾಲದಿದ್ದಾಗ ಫ್ಲಶ್ಶಿಗೆಲ್ಲಿಂದ ತರೋದು? ಅಲ್ಲೀತನಕ ಪೈಪಿನ ಕೆಲಸವನ್ನ ಮನುಷ್ಯರ ತಲೆ ಮಾಡ್ತು.

ಅದನ್ನ ನಿಲ್ಲಿಸಿದ್ದು ಯಾರು ಅಂತ ನಮ್ಮ ಮಕ್ಕಳಿಗೆ ಗೊತ್ತಿರಬೇಕು. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಮೊದಲಲ್ಲಿ ತಲೆ ಮೇಲೆ ಮಲ ಹೊರೋದನ್ನ ಕರ್ನಾಟಕದಲ್ಲಿ ನಿಷೇಧ ಮಾಡಿದ್ರು. ಐ.ಪಿ.ಡಿ. ಸಾಲಪ್ಪನವರ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ 1976ರಲ್ಲಿ ವರದಿ ಕೊಡ್ತು. ಇಡೀ ದೇಶಕ್ಕೆ ಕಾನೂನು ಬರೋ ಹೊತ್ತಿಗೆ 1993 ಆಯ್ತು. ಇಲ್ಲೇ ಪಕ್ಕದ ಕೋಲಾರ ಚಿನ್ನದ ಗಣಿಯ ಊರಲ್ಲಿ, ಈ ಕೆಲಸ ಮಾಡೋ ಮನೇಲೇ ಹುಟ್ಟಿದ ಬೆಜವಾಡ ವಿಲ್ಸನ್ ಅಂಥ ಕಕ್ಕಸುಗಳನ್ನ ಒಡೆಸೋಕೆ ಹೋರಾಟ ಶುರು ಮಾಡಿದ್ರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2013ರ ಕಾನೂನಿನ ಪ್ರಕಾರ ಮ್ಯಾನ್‌ಹೋಲಿಗೆ, ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆ ಇಲ್ಲದೆ ಯಾರನ್ನೂ ಇಳಿಸೋ ಹಾಗಿಲ್ಲ. ಆದ್ರೂ ಇಳಿದು ಸತ್ತ ಸುದ್ದಿ ಪೇಪರಲ್ಲಿ ಓದ್ತಾನೇ ಇದೀವಿ.

ಇದೆಲ್ಲಾ ಕೇಳಿದ ಮೇಲೆ "ಬೇರೆ ಜನ"ಕ್ಕೆ ಫೋನ್ ಮಾಡೋಕೆ ನಂಗೆ ಮನಸ್ಸು ಬರಲಿಲ್ಲ. ಭಾನುವಾರ ನಾನೂ ಮಗಾನೂ ಕೂತ್ವಿ. ಮೊದಲು ನಾಲ್ಕು ಬಕೆಟ್ ಒಳ್ಳೇ ನೀರು ಹೊಯ್ದು ಮಿಷನ್ ಓಡಿಸಿದ್ವಿ, ಒಳಗಿರೋದೆಲ್ಲ ಹೋಗ್ಲಿ ಅಂತ. ಆಮೇಲೆ ಪ್ಲಗ್ ಕಿತ್ವಿ, ಇದನ್ನ ಮರೀಬೇಡಿ. ಎಲ್ಲಿ ಜಿನುಗ್ತಿದೆ ಅಂತ ಕಣ್ಣಿಗೆ ಕಾಣಲ್ಲ, ಎಲ್ಲಾ ಕಡೆ ಒದ್ದೆ. ಅದಕ್ಕೆ ಪೂರ್ತಿ ಒರೆಸಿ ಒಣಗಿಸಿ, ಒಂದೊಂದು ಜಾಯಿಂಟಿಗೂ ಪೇಪರ್ ಸುತ್ತಿ, ಪ್ಲಗ್ ಹಾಕಿ ಒಂದ್ಸಲ ಫ್ಲಶ್ ಮಾಡಿ ನೋಡಿದ್ವಿ. ಮೇಲೆ ಹೋಗೋ ಪೈಪಿನ ಪೇಪರ್ ಒಣಗೇ ಇತ್ತು. ಕಮೋಡಿನ ಹಿಂಬಾಯಿ ಡಬ್ಬಕ್ಕೆ ಸೇರೋ ಕಡೆ ಇರೋ ದಪ್ಪ ರಬ್ಬರಿನದ್ದು ಒದ್ದೆ.

ಮತ್ತೆ ಪ್ಲಗ್ ಕಿತ್ತು, ಕೆಳಗೆ ಟಬ್ ಇಟ್ಟು, ಗ್ಲೌಸ್ ಹಾಕ್ಕೊಂಡು ಕ್ಲಿಪ್ ಸಡಿಲಿಸಿದ್ವಿ. ಮೋಟರು ಅದುರಿ ಅದುರಿ ಡಬ್ಬ ಬೆರಳಷ್ಟು ಪಕ್ಕಕ್ಕೆ ಸರಿದಿತ್ತು, ರಬ್ಬರು ಒಂದು ಕಡೆ ಎಳೆದು ಬಿರುಕು ಬಿಟ್ಟಿತ್ತು. ಮಗ ಸಿಲಿಕಾನ್ ಮೆತ್ತೋಣ ಅಂದ. ಒದ್ದೆ ರಬ್ಬರಿಗೆ ಅದು ಹಿಡಿಯಲ್ಲ, ಬೇಡ ಅಂದೆ. ಹೊಸ ರಬ್ಬರ್ ತರಿಸಿದ್ವಿ. ಎಣ್ಣೆ ಗ್ರೀಸು ಮುಟ್ಟಿಸದೆ ಬರೀ ಸೋಪಿನ ನೀರು ಸವರಿ ನೆಟ್ಟಗೆ ಕೂರಿಸಿ ಕ್ಲಿಪ್ ಬಿಗಿ ಮಾಡಿ, ಡಬ್ಬದ ಕಾಲಿಗೆ ನೆಲಕ್ಕೆ ಸ್ಕ್ರೂ ಹಾಕಿದ್ವಿ.

ಆ ಹೊತ್ತಿಗೆ ಅತ್ತೆ ವಾಕರ್ ಹಿಡ್ಕೊಂಡು ಬಾಗಿಲಿಗೆ ಬಂದಿದ್ರು. "ನರಸಮ್ಮ ಇರಬೇಕು ಕಣೇ" ಅಂದ್ರು. "ಇಲ್ಲಾ, ನರಸಮ್ಮ ಅವಳ ಮಗಳೋ ಏನೋ."

ಪೇಪರು ಇನ್ನೂ ಸುತ್ತಿದ ಹಾಗೇ ಬಿಟ್ಟಿದೀನಿ. ಇವತ್ತಿಗೆ ಹನ್ನೊಂದು ದಿನ, ಒಣಗೇ ಇದೆ.